ಬ್ಯಾನಿ ಇದ್ದವರು ಮೊದಲು

ಕಟ್ — ಮತ್ತೊಂದು ಸೂಜಿ ಮುರಿದಳು ಆ ನರ್ಸ್ ಹುಡುಗಿ, ರಕ್ತ ಎಳೆದಳು, ಹತ್ತಿ ಒತ್ತಿದಳು, ಸೂಜಿಯನ್ನು ಡಬ್ಬಿಯ ಬಾಯಿಗೆ ಕೊಟ್ಟಳು, ಕಟ್, ಮುಗಿಯಿತು ಅದರ ಬಾಳು, ಹೊಚ್ಚ ಹೊಸ ಸೂಜಿ, ಒಬ್ಬರ ಮೈ ಮುಟ್ಟಿದ್ದಷ್ಟೇ, ಯಾದಗಿರಿ ದೊಡ್ಡಾಸ್ಪತ್ರೆಯ ಈ ಬೆಂಚಿನ ಮೇಲೆ ನಾನು ಕೂತಾಗಿನಿಂದ ಎಷ್ಟು ಮುರಿದಳೋ, ಸರಕಾರದ ಸಾಮಾನು ಅಂದರೆ ಹೀಗೇ, ಹೇಳುವವರಿಲ್ಲ ಕೇಳುವವರಿಲ್ಲ, ನಮ್ಮ ಅಲಗು ನೋಡಬೇಕು ಇವರು, ನನ್ನ ಅತ್ತೆಯ ಅತ್ತೆಯ ಕಾಲದ್ದು, ಬೆರಳುದ್ದದ ಕಬ್ಬಿಣ, ಎಷ್ಟು ಸಾವಿರ ಮುಂಗೈ ಕಂಡಿದೆಯೋ, ಒಂದು ದಿನಕ್ಕೂ ಮೊಂಡಾಗಿಲ್ಲ, ವನದುರ್ಗದ ಈಚೆ ನಮ್ಮ ಹಟ್ಟಿ ಎಲ್ಲಿದೆ ಅಂತ ಗೊತ್ತಿಲ್ಲದವರಿಗೂ ಕಾಮಣಿ ಸಾಯಬಮ್ಮ ಗೊತ್ತು, ಕಣ್ಣು ಹಳದಿಯಾಯಿತೋ ಗುರುವಾರ ನಮ್ಮ ಬೇವಿನ ಗಿಡದ ಕೆಳಗೆ ಬಂದು ಕೂಡುತ್ತಾರೆ, ಶಿರವಾಳದವರು, ಮುದನಾಳದವರು, ಸುರಪುರದ ಕಡೆಯವರು, ಮುಂಗೈ ಮೇಲೆ ಕೂದಲಿನಷ್ಟು ಸಣ್ಣ ಗೀರು, ರಕ್ತ ಮುಖ ತೋರಿಸಿದ ಕೂಡಲೇ ಬೇರು ತೇಯ್ದು ಉಜ್ಜಬೇಕು, ಮೂರು ಗುರುವಾರ, ನಾಲ್ಕನೆಯದಕ್ಕೆ ತೆಂಗಿನಕಾಯಿ ತಂದು ಕಾಲಿಗೆ ಬೀಳುತ್ತಾರೆ. ಅಲಗಿಗೆ ಬೆಂಕಿ ತೋರಸಬ್ಯಾಡ, ಸಾಬೂನು ಮುಟ್ಟಸಬ್ಯಾಡ, ಗುಣ ಸುಟ್ಟು ಹೋಗ್ತದ, ಸೆರಗಿಗೆ ಒರಸು, ಅಷ್ಟೇ ಸಾಕು, ಅಂದಿದ್ದಳು ಅತ್ತೆ ಹಾಸಿಗೆ ಹಿಡಿದಾಗ, ಇನ್ನೊಂದು ಮಾತು ನೆನಪಿಡು ಸಾಯಬವ್ವ, ಬ್ಯಾನಿ ಜಾಸ್ತಿ ಇದ್ದವರು ಮೊದಲು, ಬಸುರಿ ಎರಡನೇದಕ್ಕ, ಉಳಿದವರು ಬಂದಂಗ. ಇವತ್ತು ಗುರುವಾರ. ಬೆಳಿಗ್ಗೆ ಬಸ್ಸಿಗೆ ಹೊರಡುವಾಗಲೇ ನಾಲ್ಕು ಮಂದಿ ಬಂದು ಗಿಡದ ಕೆಳಗೆ ಕೂತಿದ್ದರು, ಹಾಗೇ ಬಿಟ್ಟು ಬರಲು ಮನಸ್ಸಾಗಲಿಲ್ಲ, ನೆಗೆಣ್ಣಿ ಮಾಳಮ್ಮನನ್ನು ಕರೆದು ಅಲಗನ್ನು ಅವಳ ಕೈಗೆ ಕೊಟ್ಟೆ, ಹನ್ನೊಂದರ ತನಕ ನನ್ನ ದಾರಿ ನೋಡು, ಬರಲಿಲ್ಲ ಅಂದ್ರ ನೀನೇ ಹಾಕು, ಇಷ್ಟು ವರ್ಷ ನೋಡೀದಿ, ಕೈ ನಡಗಸಬ್ಯಾಡ ಅಂದೆ, ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡಳು.

ಕಟ್. ಮಗ್ಗುಲಲ್ಲಿ ನಂದಿನಿ ಬೆಚ್ಚಿದಳು, ನನ್ನ ಸೊಸೆ, ಒಂಬತ್ತು ತುಂಬಲು ಇನ್ನು ಹದಿನೈದು ದಿನ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಾಳೆ, ಕೈ ತುಂಬ ಬಸುರಿಗೆ ಮಾಡುವ ಕುಬಸದಲ್ಲಿ ತೊಡಿಸಿದ ಹಸಿರು ಬಳೆ, ಕಣ್ಣು ಮಾತ್ರ ಮಾಗಿದ ಬೇವಿನ ಹಣ್ಣು, ಅಷ್ಟು ಹಳದಿ, ಹೊಸ್ತಿಲ ಆಚೆ ನಿಂತವರ ಕಣ್ಣು ನೋಡಿ ಕಾಮಣಿ ಹೇಳುವವಳು ನಾನು, ನನ್ನ ಮನೆಯೊಳಗೆ ಹತ್ತು ದಿನ ಕಂಡೂ ಕಾಣದ ಹಾಗೆ ಇದ್ದೆ, ಬಿಸಿಲಿಗೆ ಹಂಗಾಗ್ಯಾದ, ಮಜ್ಜಿಗಿ ಕುಡಿ ಅಂದೆ, ಯಾಕೆ ಹಾಗಂದೆ, ಕಾಮಣಿ ಸಾಯಬಮ್ಮನ ಸೊಸೆಗೇ ಕಾಮಣಿ ಅಂದರೆ ಊರು ನಗುತ್ತದೆ ಅಂತಲೋ, ಅಥವಾ ಆಗಲೇ ನನಗೆ ಏನೋ ಗೊತ್ತಾಗಿತ್ತೋ, ಇಲ್ಲ, ಏನೂ ಗೊತ್ತಿರಲಿಲ್ಲ, ಸುಮ್ಮನೆ ಇಲ್ಲದ್ದು ಕಟ್ಟಬಾರದು. ಆಶಾ ಕಾರ್ಯಕರ್ತೆ ಬಂದವಳೇ ಒಂದು ಸಲ ಕಣ್ಣರೆಪ್ಪೆ ಎಳೆದು ನೋಡಿದಳು, ಮಾತಾಡದೆ ಗಾಡಿ ಹತ್ತಿಸಿದಳು, ಮೊನ್ನೆ ರಕ್ತ ಕೊಟ್ಟದ್ದು, ಇದು ಕಾಮಣಿ ಅಷ್ಟೇ ಅಲ್ಲ, ರಕ್ತದಾಗ ಹೆಪಟೈಟಿಸ್ ಬಿ ಅಂತ ಅದ, ಗಂಡನ್ನೂ ಕರಕೊಂಡು ಬರ್ರಿ, ಅಂದರು ಇಲ್ಲಿ. ಅದಕ್ಕೇ ನನ್ನ ಮಗ ಹಣಮೇಶನ ರಕ್ತವನ್ನೂ ಈಗ ತಾನೇ ಎಳೆದರು, ನಳದ ಹತ್ತಿರ ನಿಂತಿದ್ದಾನೆ, ಮೊಣಕೈ ಮಡಚಿ ಹತ್ತಿ ಹಿಡಿದುಕೊಂಡು, ಆರಡಿ ಆಳು, ಕುರಿ ತುಂಬಿದ ಗಾಡಿಯನ್ನು ಹೈದರಾಬಾದ್ ತನಕ ಒಂದೇ ಉಸಿರಿಗೆ ಓಡಿಸುವವನು, ಈಗ ಗೋಡೆಗೆ ಅಂಟಿಕೊಂಡಿದ್ದಾನೆ, ಯಾಕೆಂದರೆ ಎದುರಿನ ಬೆಂಚಿನಲ್ಲಿ ಬೀಗರು ಕೂತಿದ್ದಾರೆ, ಭಗವಂತರಾಯರು, ನಂದಿನಿಯ ತಂದೆ, ಸುರಪುರದಲ್ಲಿ ಬೀಜ ಗೊಬ್ಬರದ ಅಂಗಡಿ, ಶರ್ಟಿನ ಜೇಬಿನಲ್ಲಿ ಎರಡು ಪೆನ್ನು, ಸುದ್ದಿ ಕೇಳಿ ಮೊದಲ ಬಸ್ಸಿಗೇ ಬಂದವರು, ಬಂದವರೇ ಅಂದದ್ದು ಏನು, ಗಾಡಿ ಓಡಸೋರ ಹಣೇಬಾರ ನಮಗ ಗೊತ್ತಿಲ್ಲೇನ್ರಿ, ಹೈದ್ರಾಬಾದಿನಾಗ ನಿಮ್ಮ ಮಗ ಎಲ್ಲಿ ಮಲಗ್ತಾನ ಅಂತ ಒಂದು ದಿನ ಕೇಳೀರೇನು, ಗಾಡ್ಯಾಗೇ ಮಲಗ್ತೀನ್ರಿ ಮಾವ, ಕುರಿ ಕದ್ದುಕೊಂಡು ಹೋಗ್ತಾರ ಅಂತ, ಅಂದ ಹಣಮೇಶ, ಮಾವ ಕೇಳಿಸಿಕೊಳ್ಳಲೇ ಇಲ್ಲ, ಇಂಥ ರೋಗ ತಂದು ನನ್ನ ಮಗಳಿಗೆ ಹಚ್ಚಿದವನ ಮನ್ಯಾಗ ಅಕಿನ್ನ ಬಿಡಂಗಿಲ್ಲ, ಇವತ್ತೇ ಸುರಪುರಕ್ಕ ಕರಕೊಂಡು ಹೋಗ್ತೀನಿ, ಬಾಣಂತನ ಅಲ್ಲೇ, ಆಮ್ಯಾಲಿನ ಮಾತು ಹಿರೇರ ಮುಂದ. ಆಮ್ಯಾಲಿನ ಮಾತು ಏನು ಅಂತ ಎಲ್ಲರಿಗೂ ಗೊತ್ತು, ಗಂಡ ಹೆಂಡತಿಯ ಬಿಡುಗಡೆಯ ಮಾತು. ಸಿಟ್ಟು ಬಂತು ನನಗೆ, ಕಾಮಣಿ ಕಣ್ಣಿಗೆ ಕಂಡದ್ದೆಲ್ಲ ಹಳದಿ, ತಮ್ಮ ಮನಸ್ಸಿನ ಕೊಳೆಯನ್ನು ನನ್ನ ಮಗನ ಮೈಗೆ ಒರೆಸುತ್ತಾರೆ, ಒಂದು ಮಾತು ಬಿಸಿಯಾಗಿ ನಾಲಿಗೆ ತುದಿಗೆ ಬಂದಿತ್ತು, ನಂದಿನಿ ತಿರುಗಿ ನನ್ನನ್ನು ನೋಡಿದಳು, ಬರೀ ನೋಡಿದಳು, ನಾನು ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದೆ.

ಬೆಳಿಗ್ಗೆ ಬಂದ ಕೂಡಲೇ ಕರೆದ ಒಳಗಿನ ಕೋಣೆಯಲ್ಲೂ ಆ ನೋಟ ಹಾಗೇ ಇತ್ತು. ಪರದೆ ಹಾಕಿದ ಸಣ್ಣ ಕೋಣೆ, ಬಾಗಿಲ ಮೇಲೆ ಆಪ್ತ ಸಮಾಲೋಚಕಿ ಅಂತ ಬರೆದಿದೆಯಂತೆ, ಸುಕನ್ಯಾ ಮೇಡಂ, ಇನ್ನೂ ಮೂವತ್ತು ದಾಟಿರಲಿಕ್ಕಿಲ್ಲ, ಬಾಯಿ ಮೃದು, ಕಣ್ಣು ಮಾತ್ರ ಕೀಲಿ ಹಾಕಿದ ಪೆಟ್ಟಿಗೆ, ಬಸುರಿಯರಿಗೆ ಕೊಡುವ ತಾಯಿ ಕಾರ್ಡನ್ನು, ನಂದಿನಿಯದನ್ನು, ಮುಂದಿಟ್ಟುಕೊಂಡು ಒಂದೊಂದೇ ಕೇಳುತ್ತಾಳೆ, ತಂಗಿ, ಮೂರು ತಿಂಗಳಿದ್ದಾಗ ಮಾಡಿದ ಟೆಸ್ಟಿನಾಗ ಇದು ಇರಲಿಲ್ಲ, ಈಗದ, ನಡುವ ಏನಾತು ನೆನಪು ಮಾಡ್ಕೋ, ರಕ್ತ ಹಾಕಿಸಿಕೊಂಡಿಯೇನು, ಇಲ್ರಿ, ಹಲ್ಲು ಕೀಳಿಸಿದಿಯೇನು, ಇಲ್ರಿ, ಮೈಮ್ಯಾಲ ಹಚ್ಚಿ ಹಾಕಿಸಿಕೊಂಡಿಯೇನು, ಇಲ್ರಿ, ಊರಾಗ ಯಾರ ಕಡೆಯರ ಸೂಜಿ ಮಾಡಿಸಿಕೊಂಡಿಯೇನು, ಒಬ್ಬರಿಗೆ ಚುಚ್ಚಿದ್ದನ್ನ ಇನ್ನೊಬ್ಬರಿಗೆ ಚುಚ್ಚೋರು ಇರ್ತಾರ, ಇಲ್ರಿ, ಮತ್ತೊಬ್ಬರು ಬಳಸಿದ ಬ್ಲೇಡು, ಚಾಕು, ಏನರ ಮೈಗೆ ತಾಗ್ಯಾದೇನು — ಅಲ್ಲಿ ನಂದಿನಿ ತಡೆದಳು. ಎಡಗೈಯ ಬಳೆಗಳನ್ನು ಕೆಳಗೆ ಎಳೆದುಕೊಂಡಳು, ಮಣಿಕಟ್ಟಿನ ತನಕ, ಗಿಲ್ ಅಂತ, ನನ್ನನ್ನು ನೋಡಿದಳು, ಇಲ್ರಿ ಅಂದಳು. ನಾನು ಅಲ್ಲೇ ಇದ್ದೆ, ಅವಳ ಬೆನ್ನ ಹಿಂದೆ, ಬಾಯಲ್ಲಿ ಎಲೆ ಅಡಿಕೆ ಇತ್ತು, ಅದನ್ನು ಉಗುಳಲೂ ಇಲ್ಲ ನುಂಗಲೂ ಇಲ್ಲ. ಕಾಮಣಿ ಅಂದ್ರ ಒಂದೇ ಅಲ್ರಿ ಅಮ್ಮಾರ, ಅಂದಳು ಸುಕನ್ಯಾ ನನ್ನ ಕಡೆ ತಿರುಗಿ, ನಾನು ಯಾರು ಅಂತ ಅವಳಿಗೇನು ಗೊತ್ತು, ಕೆಟ್ಟ ನೀರಿಂದ ಬರೋದು ಬೇರೆ, ರಕ್ತದಿಂದ ಬರೋದು ಬೇರೆ, ನೀರಿನದು ಬಾಳ ಮಂದಿಗೆ ತಾನೇ ಹೋಗ್ತದ, ತಿಂಗಳೊಪ್ಪತ್ತಿನಾಗ, ಹಳ್ಯಾಗ ಔಷಧ ಕೊಡೋರಿಗೆ ಸುಮ್ಮನ ಹೆಸರು ಬರ್ತದ, ಅಂತ ನಕ್ಕಳು, ರಕ್ತದ್ದು ಹಂಗಲ್ಲ, ಕಣ್ಣಿಗೆ ಕಾಣದಷ್ಟು ರಕ್ತ ಸಾಕು, ಒಣಗಿದ್ರೂ ಅದರಾಗಿನ ರೋಗಾಣು ವಾರದ ತನಕ ಜೀವ ಹಿಡಕೊಂಡಿರ್ತದ. ಒಣಗಿದರೂ. ನಾನು ಸೆರಗನ್ನು ಮುದ್ದೆ ಮಾಡಿ ಮಡಿಲಲ್ಲಿ ಇಟ್ಟುಕೊಂಡೆ, ಅಂಚಿನಲ್ಲಿ ಸಣ್ಣ ಕಪ್ಪು ಕಲೆಗಳು, ಜಾಲಿ ಅಂಟು ಇರಬಹುದು, ಎಲೆ ಅಡಿಕೆ ಇರಬಹುದು. ಕೂಸು ಹುಟ್ಟಿದ ದಿನಾನೇ ಲಸಿಕಿ ಹಾಕಬೇಕು, ಇನ್ನೊಂದು ಇಂಜೆಕ್ಷನ್ನೂ ಅದ, ಅದಕ್ಕ ಹೆರಿಗಿ ಇಲ್ಲೇ ಆಗಬೇಕು, ಮನ್ಯಾಗ ಬ್ಯಾಡ, ತಡಾದ್ರ ಕೂಸಿಗೂ ಹತ್ತಿ ಜೀವಮಾನ ಉಳೀತದ, ಅಂದಳು, ಕೂಸು ಅಂದಾಗ ನಂದಿನಿಯ ಹೊಟ್ಟೆ ಸೀರೆಯೊಳಗೆ ಒಂದು ಕಡೆ ಉಬ್ಬಿ ಇಳಿಯಿತು, ಕಾಲು ಒದ್ದಿರಬೇಕು.

ಏನು ಮಹಾ, ಎಲ್ಲರಿಗೂ ಹಾಕುತ್ತೇನೆ, ಅವಳಿಗೂ ಹಾಕಿದೆ. ಐದನೇ ತಿಂಗಳಿನಲ್ಲಿ ಕುಬಸ ಮುಗಿದ ವಾರ, ಬಾಯಿ ಕಹಿ ಆಗ್ಯಾದ ಅತ್ತೀ ಅಂದಳು, ಉಚ್ಚಿ ಹಳದಿ ಹೋಗ್ತದ ಅಂದಳು, ಕಣ್ಣು ನೋಡಿದೆ, ಬೆಳ್ಳಗೇ ಇತ್ತು, ನೀರು ಕಡಿಮೆ ಕುಡಿದರೂ ಹಾಗಾಗುತ್ತದೆ ಅಂತ ನನಗೆ ಗೊತ್ತಿತ್ತು, ಆದರೂ ಮನೆ ತುಂಬ ಕಾಮಣಿಯವರು ಬಂದು ಹೋಗುತ್ತಾರೆ, ಮುಂಚೆಯೇ ಒಂದು ಗೀರು ಹಾಕಿಬಿಟ್ಟರೆ ಹೊಟ್ಟೆಯ ಕೂಸಿಗೂ ಕಾವಲು, ಆಸೆ, ಮೊದಲ ಮೊಮ್ಮಗು, ಪ್ರೀತಿಯಿಂದಲೇ ಅಲ್ಲವೇ ಮಾಡಿದ್ದು. ಶಹಾಪುರದಲ್ಲಿ ಪಿಯುಸಿ ಓದಿದವಳು, ಅತ್ತೀ, ಅಂಗಡ್ಯಾಗ ಹೊಸ ಬ್ಲೇಡು ಸಿಗ್ತಾವ, ನನಗ ಅದರಲೆ ಹಾಕ್ರಿ, ಅಂತ ಮೆಲ್ಲಗೆ ಅಂದಿದ್ದಳು, ಬ್ಲೇಡನ್ನು ತಂದೂ ಇದ್ದಳು, ಕಾಗದ ಬಿಚ್ಚಿರದ ಬ್ಲೇಡು ಅಂಗೈಯಲ್ಲಿ, ನಾನು ನಕ್ಕೆ, ಎಲ್ಲರ ಮುಂದೆ ನಕ್ಕೆ, ಅಂಗಡಿ ಬ್ಲೇಡು ಗಡ್ಡಕ್ಕ ಯವ್ವಾ, ಗುಣಕ್ಕಲ್ಲ, ನಾಕು ಅಕ್ಷರ ಕಲ್ತು ಅತ್ತಿಗೇ ಬುದ್ಧಿ ಹೇಳ್ತಿ, ಗಿಡದ ಕೆಳಗೆ ಕೂತವರೆಲ್ಲ ನಕ್ಕರು, ಅವಳ ಮುಖ ಸಣ್ಣದಾಯಿತು, ಬಂದು ಕೂತಳು. ಅವಳಿಗಿಂತ ಮೊದಲು ಯಾರು, ದುರಗಪ್ಪ, ಹೊಳೆ ದಂಡೆಯ ದುರಗಪ್ಪ, ಮೀನು ಹಿಡಿಯುವವನು, ಹೆಂಡತಿ ಮೌನೇಶ್ವರಿ ಹೆಗಲು ಕೊಟ್ಟು ಕರೆತಂದಿದ್ದಳು, ಹೊಟ್ಟೆ ಉಬ್ಬಿತ್ತು, ಕಾಲು ಬಾತಿತ್ತು, ಅರಿಶಿನದಲ್ಲಿ ಅದ್ದಿ ತೆಗೆದಂಥ ಕಣ್ಣು, ಬ್ಯಾನಿ ಜಾಸ್ತಿ ಇದ್ದವರು ಮೊದಲು, ಅವನ ಕೈ ಹಿಡಿದೆ, ಗೀರು ಹಾಕಿದೆ, ರಕ್ತ ನಿಲ್ಲಲಿಲ್ಲ, ತೆಳ್ಳಗೆ ಇಳಿಯುತ್ತಲೇ ಇತ್ತು, ಮೌನೇಶ್ವರಿ ಅದನ್ನು ತನ್ನ ಅಂಗೈಯಿಂದ ಒತ್ತಿ ಹಿಡಿದಳು, ನಾನು ಅಲಗನ್ನು ಸೆರಗಿಗೆ ಒರೆಸಿದೆ, ಈ ಕಡೆ ಒಂದು ಸಲ, ಆ ಕಡೆ ಒಂದು ಸಲ, ಬಸುರಿ ಎರಡನೇದಕ್ಕ, ಬಾ ನಂದಿನಿ, ಬಿಸಲಾಗ ಕೂಡಬ್ಯಾಡ, ಹಸಿರು ಬಳೆಗಳನ್ನು ಒಂದೊಂದಾಗಿ ಮೇಲೆ ಸರಿಸಿದೆ, ಹೊಸ ಬಳೆ, ಬಿಗಿ ಇದ್ದವು, ಸರಿಸಿದ ಜಾಗದಲ್ಲಿ ಮುಂಗೈ ಬೆಳ್ಳಗೆ, ಮೆತ್ತಗೆ, ಅಲಗು ಇಟ್ಟೆ. ದುರಗಪ್ಪ ಎರಡು ತಿಂಗಳಿಗೆ ಸತ್ತ. ರಕ್ತ ಕಾರಿ ಸತ್ತ. ತಡ ಮಾಡಿ ಕರಕೊಂಡು ಬಂದ್ರಿ, ನನ್ನ ಕೈಯಾಗ ಏನದ, ಅಂದಿದ್ದೆ ಮೌನೇಶ್ವರಿಗೆ. ಮತ್ತೆ ನಂದಿನಿಯ ನಂತರ ಯಾರಿದ್ದರು ಅವತ್ತು, ಮುನ್ನಿಬೀ ಇದ್ದಳು, ಅವಳ ತೊಡೆಯ ಮೇಲೆ ಸಣ್ಣ ಕೂಸಿತ್ತು, ಕೂಸಿಗೂ ಹಾಕ್ರಿ ಅಂದಳು, ಹಾಕಿದೆ, ಆಮೇಲೆ — ಬೇಡ, ನೆನಪಾಗುವುದು ಬೇಡ. ನನ್ನಪ್ಪ ಎಲ್ಲಿಂದ ಬಂದ ಈಗ, ಹೆಗಲ ಮೇಲೆ ಕಂಬಳಿ, ನನಗೆ ಎಂಟೋ ಒಂಬತ್ತೋ ವರುಷ, ಕುರಿಮರಿಗಳ ಕಿವಿಗೆ ಗುರುತು ಕೊಯ್ಯುವ ದಿನ, ಚಾಕು ನನ್ನ ಕೈಗೆ ಕೊಟ್ಟಿದ್ದ, ಒಂದು ಮರಿ ಬಾಯಿ ಹುಣ್ಣಾಗಿ ನರಳುತ್ತಿತ್ತು, ಪಾಪ ಅನ್ನಿಸಿತು, ಇದರದು ಬೇಗ ಮುಗಿಯಲಿ ಅಂತ ಅದನ್ನೇ ಮೊದಲು ಹಿಡಿದೆ, ವಾರ ಒಪ್ಪತ್ತಿಗೆ ಹದಿನೇಳು ಮರಿಗಳ ಕಿವಿ ಹುಣ್ಣಾಗಿ ಕೊಳೆತವು, ಸಾಲಾಗಿ, ನಾನು ಕೊಯ್ದ ಸಾಲಿನಲ್ಲೇ, ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ, ಬ್ಯಾನಿ ಇದ್ದದ್ದು ಯಾವತ್ತೂ ಕಡೀಕ ಮಗಳ, ಅದರ ಬ್ಯಾನಿ ಚಾಕು ಹತ್ತಿ ಮುಂದಿಂದಕ್ಕ ಹೋಗ್ತದ, ಅಂದ. ಕಡೀಕ. ಕುರಿಯ ಮಾತು ಕುರಿಗೆ ಅಂತ ಬಿಟ್ಟೆನಲ್ಲ, ಇಷ್ಟು ವರುಷ ಕುರಿಗೆ ಒಂದು ನ್ಯಾಯ, ಮನುಷ್ಯರಿಗೆ ಒಂದು ನ್ಯಾಯ.

ಹಣಮೇಶ್ ಯಾರ್ರಿ, ಒಳಗ ಬರ್ರಿ, ಅಂತ ಕೂಗಿದರು. ಎಲ್ಲರೂ ಎದ್ದೆವು, ಕರೆದದ್ದು ಒಬ್ಬನನ್ನು, ಹೋದವರು ನಾಲ್ವರು, ಭಗವಂತರಾಯರನ್ನು ಸುಕನ್ಯಾ ಬಾಗಿಲಲ್ಲೇ ತಡೆದಳು, ಇದು ಅವರವರ ವಿಷಯ ಸರ್, ಅಂದರೆ ಕೇಳುವವರೇ ಅವರು, ನನ್ನ ಮಗಳು ಅಕಿ, ನಾ ಹಡದಾಂವ, ಅಂದರು, ಇರಲಿ ಬಿಡ್ರಿ ಮೇಡಂ, ಎಲ್ಲಾರೂ ಕೇಳಲಿ, ಅಂದ ಹಣಮೇಶ, ದನಿಯಲ್ಲಿ ನೀರು ಇತ್ತು, ನಾ ಹೆದರಂಗಿಲ್ಲ. ಸುಕನ್ಯಾ ಕಾಗದ ನೋಡಿದಳು, ನಾನು ಅವಳ ತುಟಿ ನೋಡಿದೆ, ಇವರಿಗೆ ಇಲ್ಲರಿ, ಇವರ ರಕ್ತದಾಗ ಏನೂ ಇಲ್ಲ, ಇವರೂ ಲಸಿಕಿ ಹಾಕಿಸಿಕೊಳ್ಳಬೇಕು, ಅಷ್ಟೇ. ನನ್ನ ಮಗನ ಮೇಲಿಂದ ಬಂಡೆ ಇಳಿಯಿತು ಅಂದುಕೊಂಡೆ, ಒಂದು ಗಳಿಗೆ, ಬರೀ ಒಂದು ಗಳಿಗೆ, ಯಾಕೆಂದರೆ ಭಗವಂತರಾಯರು ಮಗಳ ಕಡೆ ತಿರುಗಿದರು, ಗಂಡನಿಂದ ಅಲ್ಲ ಅಂದ್ರ ಮತ್ತ ಯಾರಿಂದ, ಅಂದರು, ಹಲ್ಲು ಕಚ್ಚಿ, ಮೆಲ್ಲಗೆ, ಅಂಥ ಮಾತನ್ನು ಕೂಗಿ ಹೇಳಿದ್ದರೆ ಪರವಾಗಿರಲಿಲ್ಲ. ಹಣಮೇಶನೂ ನೋಡಿದ ಅವಳನ್ನು, ನನ್ನ ಮಗ, ತನ್ನ ಹೆಂಡತಿಯನ್ನು, ಹೊಸಬಳನ್ನು ನೋಡುವ ಹಾಗೆ, ವರ್ಷದಲ್ಲಿ ಆರು ತಿಂಗಳು ಗಾಡಿ ಮೇಲಿರುವವನು ದಿನಗಳ ಲೆಕ್ಕ ಹಾಕುವ ಹಾಗೆ. ನಂದಿನಿ ಅಳಲಿಲ್ಲ. ಬಳೆಗಳನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು, ಅವು ಇನ್ನೆಲ್ಲಿ ಹೋಗಬೇಕು, ಅಂಗೈ ಬುಡಕ್ಕೆ ಒತ್ತಿ ನಿಂತಿವೆ, ಒಂದು ಒಡೆಯಿತು, ನನ್ನ ಹೆಸರು ಹೇಳಬಹುದು ಅವಳು, ಒಂದೇ ಮಾತು, ಅತ್ತಿ ಅಂದರೆ ಸಾಕು, ಹೇಳುವುದಿಲ್ಲ, ಯಾಕೆ ಹೇಳುವುದಿಲ್ಲ, ಎಲ್ಲರ ಮುಂದೆ ನಕ್ಕೆನಲ್ಲ ನಾನು, ಅವತ್ತೇ ಅವಳ ಬಾಯಿಗೆ ಬೀಗ ಬಿತ್ತು, ಅಥವಾ ನಾನೇ ಹೇಳಲಿ ಅಂತ ಕಾಯುತ್ತಿದ್ದಾಳೆ, ಬೆಳಿಗ್ಗೆಯಿಂದ ಅದನ್ನೇ ಕಾಯುತ್ತಿದ್ದಾಳೆ. ಹೇಳಿದರೆ ಗುಣ ಹೋಯಿತು, ಹೆಸರು ಹೋಯಿತು, ಅತ್ತೆ, ಅತ್ತೆಯ ಅತ್ತೆ, ಎಲ್ಲರ ಗುಣ ನನ್ನ ಒಂದು ಬಾಯಿಂದ ಹೋಯಿತು, ದುರಗಪ್ಪನ ಸಾಲಿನವರೆಲ್ಲ ನನ್ನ ಬಾಗಿಲಿಗೆ ಬರುತ್ತಾರೆ, ಹೇಳದಿದ್ದರೆ ಈ ಹುಡುಗಿಯ ಬಾಳು ಹೋಯಿತು, ಹೊಟ್ಟೆಯೊಳಗಿನದು ಸುರಪುರದ ಯಾವುದೋ ಕತ್ತಲೆ ಕೋಣೆಯಲ್ಲಿ ಹುಟ್ಟಿ, ಲಸಿಕೆ ಕಾಣದೆ — ನಾನೇ ಹಾಕೀನಿ. ಯಾರು ಅಂದದ್ದು ಅದು, ನನ್ನ ದನಿಯೇ, ಎಲೆ ಅಡಿಕೆ ನುಂಗಿದ ದನಿ, ನಾನೇ ಹಾಕೀನ್ರಿ, ಕಾಮಣಿ ಗೀರು, ಐದನೇ ತಿಂಗಳಾಗ, ನನ್ನ ಅಲಗಿಲೆ, ನನ್ನ ಮಗ ಏನೂ ಮಾಡಿಲ್ಲ, ಅಕಿನೂ ಏನೂ ಮಾಡಿಲ್ಲ, ಮಾಡಿದಾಕಿ ನಾನು. ನಂದಿನಿಯ ಕೈ ಹಿಡಿದು ಬಳೆಗಳನ್ನು ಮೇಲೆ ಸರಿಸಿ ತೋರಿಸಿದೆ, ಅಲ್ಲಿತ್ತು, ಕೂದಲಿನಷ್ಟು ಸಣ್ಣದು, ಬೆಳ್ಳಗೆ, ಅಲಗು ಇಟ್ಟ ಜಾಗ. ಈಗ ಅತ್ತಳು ಅವಳು, ನನ್ನ ಹೆಗಲಿಗೇ ಹಣೆ ಇಟ್ಟು ಅತ್ತಳು, ಬೇರೆ ಯಾರ ಹೆಗಲೂ ಸಿಗಲಿಲ್ಲವೇ ಅವಳಿಗೆ.

ಬೀಗರು ಏನೇನು ಅಂದರೋ, ಹಣಮೇಶ ಯವ್ವಾ ಅಂತ ಒಂದೇ ಸಲ ಅಂದ, ಕೇಳಿಸಲಿಲ್ಲ ನನಗೆ, ಸುಕನ್ಯಾ ಬೈಯುತ್ತಾಳೆ ಅಂತ ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು, ಅವಳು ಪೆನ್ನು ಕೆಳಗಿಟ್ಟಳು, ಅವಳ ಮುಖದ ಬಣ್ಣ ಇಳಿಯುತ್ತಿತ್ತು, ಅಮ್ಮಾರ, ಅಂದಳು, ಆ ಅಲಗು ಈಗ ಎಲ್ಲದ್ರಿ. ಎಲ್ಲಿದೆ, ಸಂಚಿಯಲ್ಲಿದೆ, ಸಂಚಿ ಮುಟ್ಟಿ ನೋಡಿದೆ, ಎಲೆ, ಸುಣ್ಣದ ಡಬ್ಬಿ, ಬಟನ್ ಫೋನು, ಸಂಚಿಯಲ್ಲಿಲ್ಲ, ಮಾಳಮ್ಮ ಕಣ್ಣಿಗೆ ಒತ್ತಿಕೊಂಡಳಲ್ಲ, ಇವತ್ತು ಗುರುವಾರ, ಗೋಡೆಯ ಗಡಿಯಾರ ನೋಡು ನಂದಿನಿ, ಎಷ್ಟಾಯ್ತು, ಹನ್ನೊಂದು ಹತ್ತು ಅತ್ತೀ, ಹನ್ನೊಂದರ ತನಕ ನನ್ನ ದಾರಿ ನೋಡು ಅಂದಿದ್ದೆ, ಫೋನನ್ನು ಅವಳ ಕೈಗಿಟ್ಟು ಮಾಳಮ್ಮಗ ಹಚ್ಚು ಅಂದೆ, ನಂದಿನಿ ಒತ್ತಿ ನನ್ನ ಕಿವಿಗೆ ಹಿಡಿದಳು, ಹೋಗುತ್ತಿದೆ, ಹೋಗುತ್ತಿದೆ, ಎತ್ತು ಮಾಳೀ, ಎತ್ತು — ಅಕ್ಕಾ, ಈಗ ಸುರು ಮಾಡೀನಿ ನೋಡು, ಬಾಳ ಮಂದಿ ಆಗ್ಯಾರ, ಮೌನೇಶ್ವರಿ ಬಂದಾಳ, ದುರಗಪ್ಪನ ಹೇಣ್ತಿ, ಪಾಪ ಅಕಿ ಕಣ್ಣು ನೋಡಲಾರದಂಗ ಹಳದಿ ಆಗ್ಯಾವ, ಅಕಿನ್ನೇ ಮೊದಲು ಕೂಡಿಸಿದೆ, ನೀನೇ ಹೇಳೀದಿಯಲ್ಲ, ಬ್ಯಾನಿ ಇದ್ದವರು ಮೊದಲು — ಮಾಳೀ, ಕೆಳಗಿಡು, ಅದನ್ನ ಕೆಳಗಿಡು — ಏನಂದಿ ಅಕ್ಕಾ, ಗದ್ದಲದಾಗ ಏನೂ ಕೇಳವಲ್ದು, ತಡಿ, ಮುದನಾಳದ ಬಸುರಿ ಕುಂತಾಳ, ಫೋನ್ ಇಡ್ತೀನಿ, ಬಳಿ ಮ್ಯಾಲ ಸರಸಾಕತ್ತೀನಿ — ಮಾಳೀ — ಫೋನು ಕುಂಯ್ ಅಂದಿತು, ಮತ್ತೆ ಒತ್ತಿದಳು ನಂದಿನಿ, ಹೋಗುತ್ತಿದೆ, ಹೋಗುತ್ತಿದೆ, ಯಾರೂ ಎತ್ತುವುದಿಲ್ಲ, ಎತ್ತುವ ಕೈಗೆ ಬಿಡುವಿಲ್ಲ, ಸೆರಗಿಗೆ ಒರೆಸುತ್ತಿದೆ, ಈ ಕಡೆ ಒಂದು ಸಲ, ಆ ಕಡೆ ಒಂದು ಸಲ, ಹೊರಗೆ ನರ್ಸ್ ಹುಡುಗಿ ಮುರಿದಳು, ಕಟ್, ಅಲ್ಲಿ ಬಳೆ ಮೇಲೆ ಸರಿಯುತ್ತಿವೆ, ಒಂದೊಂದಾಗಿ, ಹೊಸ ಬಳೆ, ಬಿಗಿ ಇವೆ, ಹಸಿರು ಬಳೆ, ಮೇಲೆ, ಹಸಿರು ಬಳೆ, ಸರಿಸಿದ ಜಾಗದಲ್ಲಿ ಮುಂಗೈ ಬೆಳ್ಳಗೆ